ಎರೆಹುಳುವಿನ ಪಾಲು

ಸೋಮವಾರ ಶಾಲೆಯ ಆಯಾಳನ್ನು ಕೆಲಸದಿಂದ ತೆಗೆದರು. ಅಂದಿನಿಂದ ಕಕ್ಕಸು ತೊಳೆದಿಲ್ಲ.

ಶುಕ್ರವಾರ ತನಿಖಾಧಿಕಾರಿ ಬಂದರು. ಆರು ವರ್ಷದಿಂದ ಹಂಗಾಮಿಯಾಗಿಯೇ ಸವೆದಿದ್ದ ವಿಜ್ಞಾನದ ಮೇಷ್ಟ್ರು ಅವರೆದುರು ಪಾಠ ಮಾಡಬೇಕು. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಪಾಠ ಆಹಾರ ಜಾಲ. ಮೇಷ್ಟ್ರು ಹೆಂಡತಿಯ ಹಳೇ ಸ್ವೆಟರಿನ ಹೆಣಿಗೆ ಬಿಚ್ಚಿ ದಾರ ತಂದಿದ್ದರು. ಪ್ರತಿ ಮಗುವಿನ ಕೊರಳಿಗೆ ಒಂದೊಂದು ಜೀವಿಯ ಚೀಟಿ; ಯಾವುದು ಯಾವುದನ್ನು ನಂಬಿ ಬದುಕಿದೆಯೋ ಅವೆರಡರ ನಡುವೆ ದಾರ.

ಹುಲಿ ಚೀಟಿಗೆ ಮಕ್ಕಳು ಬಸ್ಸಿನ ಸೀಟಿಗೆ ಬಿದ್ದಂತೆ ಬಿದ್ದರು.

"ಸ್ಕೂಲ್ ಕಮಿಟಿ ಅಧ್ಯಕ್ಷರ ಮಗನಿಗೆ ಹುಲ್ಲು ಕೊಟ್ಟಿದ್ದೀರಲ್ರೀ, ತಲೆ ನೆಟ್ಟಗಿದೆಯಾ?" ಹೆಡ್‌ಮೇಷ್ಟ್ರು ಕಿವಿಯಲ್ಲಿ ಬುಸುಗುಟ್ಟಿದರು.

ಹುಲಿಗಳು ನಾಲ್ಕಾದವು. ಎರೆಹುಳು ಯಾರಿಗೂ ಬೇಡ. ಆಯಾಳ ಮಗಳು ಬಾಗಿಲ ಬಳಿ ನಿಂತಿದ್ದಳು; ಆ ಚೀಟಿ ಅವಳ ಕೊರಳಿಗೆ ಬಿತ್ತು. ಹಾಕುವಾಗ ಮೇಷ್ಟ್ರಿಗೆ ಏನೂ ಅನ್ನಿಸಲಿಲ್ಲ.

"ಕಸಾನೆಲ್ಲ ಮಣ್ಣು ಮಾಡೋರು ಯಾರು? ಎರೆಹುಳು! ಅದು ಕೈ ಬಿಟ್ರೆ ಏನಾಗುತ್ತೆ ನೋಡೋಣ. ಬಿಡಮ್ಮಾ."

ಹುಡುಗಿ ದಾರ ಬಿಟ್ಟಳು. ಹುಲ್ಲು ಸಡಿಲವಾಯಿತು, ಜಿಂಕೆ ಸಡಿಲವಾಯಿತು, ಬಿಗಿಯಾಗಿ ಜಗ್ಗಿ ನಿಂತಿದ್ದ ಹುಲಿಗಳು ಹಿಂದಕ್ಕೆ ದಬದಬ ಉರುಳಿದವು. ಒಂದು ಹುಲಿ ಸೀದಾ ತನಿಖಾಧಿಕಾರಿಯ ತೊಡೆಯ ಮೇಲೆ.

"ನಮ್ ಸ್ಕೂಲಲ್ಲೂ ಹಂಗೇ ಆಗಿದೆ ಸಾರ್," ಎಂದಳು ಎರೆಹುಳು. "ಅಮ್ಮನ್ನ ತೆಗೆದ್ಮೇಲೆ ಕಕ್ಕಸಿನ ಕಡೆ ಹೋಗಕ್ಕೇ ಆಗಲ್ಲ."

ಹೆಡ್‌ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಾಯಿತು. ತನಿಖಾಧಿಕಾರಿ ಮಾತ್ರ ತೊಡೆ ಕೊಡವಿಕೊಂಡು ಎದ್ದರು. "ಭೇಷ್! ಪಾಠ ಅಂದ್ರೆ ಇದು. ಈಗಲೇ ಆದೇಶ ಬರೀತೀನಿ."

ಮೇಷ್ಟ್ರ ಎದೆ ಹಗುರಾಯಿತು. ಆಯಾ ವಾಪಸು ಬರುತ್ತಾಳೆ, ತಾನೂ ಕಾಯಂ!

ಊಟದ ಬಿಡುವು ಮುಗಿಯುವಾಗ ಹೆಡ್‌ಮೇಷ್ಟ್ರು ವಿಜ್ಞಾನದ ಮೇಷ್ಟ್ರನ್ನೂ ಹುಡುಗಿಯನ್ನೂ ಕರೆಸಿ ಆದೇಶ ಓದಿದರು: "ಪಾಠದಲ್ಲಿ ಹಂಚಿದಂತೆಯೇ ಶಾಲೆಯ ಸ್ವಚ್ಛತೆಯನ್ನು ಮಕ್ಕಳಿಗೆ ಹಂಚತಕ್ಕದ್ದು. ಹುಲಿಗಳು ಮೇಲ್ವಿಚಾರಣೆ. ಎರೆಹುಳು ಕಕ್ಕಸು. ಆಯಾ ಹುದ್ದೆ ಅನಗತ್ಯ. ವಿಜ್ಞಾನದ ಮೇಷ್ಟ್ರು ಒಂದು ತಿಂಗಳು ಇದನ್ನು ನಡೆಸಿ ತೋರಿಸಿದರೆ ಕಾಯಂ ಮಾಡುವುದನ್ನು ಪರಿಶೀಲಿಸಲಾಗುವುದು."

ಓದಿ, ಪೊರಕೆಯನ್ನು ಮೇಷ್ಟ್ರ ಕೈಗಿಟ್ಟರು. "ನಿಮ್ದೇ ಪಾಠ ಅಲ್ವಾ? ನೀವೇ ಕೊಡಿ."

ಮೇಷ್ಟ್ರು ನೆಲ ನೋಡುತ್ತ ಪೊರಕೆ ಚಾಚಿದರು. "ತಗೋ ಪುಟ್ಟಿ, ಇವತ್ತೊಂದಿನ... ನಂದೂ ಹೊಟ್ಟೆಪಾಡು."

ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ ಸಾರ್. ಈಗ ನಂಗೆ ಗಣಿತ ಇದೆ."