ಮೇಲಿನ ಖಾನೆಯ ಕೊಲೆ

ನಮ್ಮ ಯೋಗ್ಯತೆ ಏನೆಂಬುದು ನಮಗಿಂತ ಮೊದಲು ಬೇರೆಯವರಿಗೆ ಗೊತ್ತಾಗಿಬಿಡುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಗೆ ಹೋದರೆ ಅಂಗಡಿಯವನು ನನ್ನ ಮುಖ ನೋಡುವುದಿಲ್ಲ, ಕಾಲಿನ ಹವಾಯಿ ಚಪ್ಪಲಿ ನೋಡುತ್ತಾನೆ. ನೋಡಿ, "ಅಮ್ಮಾ, ನಿಮ್ಗೆ ಆ ಕಡೆ" ಎಂದು ಮೂಲೆ ತೋರಿಸುತ್ತಾನೆ. ಆ ಮೂಲೆಯಲ್ಲಿರುವುದೆಲ್ಲ ಬೂದಿ ಬಣ್ಣದ, ಕೊಳೆಯಾದರೂ ಗೊತ್ತಾಗದ ಸೀರೆಗಳು. ನಾನು ಬಿಡುವವಳಲ್ಲ. "ಆ ಗಿಳಿಹಸಿರಿಂದು ಇಳಿಸಪ್ಪ" ಎನ್ನುತ್ತೇನೆ. ಕೊಳ್ಳುತ್ತೇನೋ ಬಿಡುತ್ತೇನೋ ನನ್ನ ಪಾಡು, ಮುಟ್ಟಿ ನೋಡುವುದಕ್ಕೆ ಯಾರ ಅಪ್ಪಣೆ ಬೇಕು? ಸೀರೆಯ ವಿಷಯದಲ್ಲಿ ಇಷ್ಟು ಜೋರಾಗಿದ್ದ ನಾನು ಪುಸ್ತಕದ ವಿಷಯದಲ್ಲಿ ಮಾತ್ರ ಬಹಳ ಕಾಲ ಬಾಯಿ ಮುಚ್ಚಿಕೊಂಡೇ ಇದ್ದೆ. ಕಾರಣ ಇಷ್ಟೇ, ನನಗೆ ಓದಲು ಬರುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಬರುತ್ತಿತ್ತು. ಬೆಳಗಿನ ಕಾಫಿಯ ಜೊತೆ ಪೇಪರನ್ನು ಮೂಲೆ ಮೂಲೆಯೂ ಬಿಡದೆ ಓದಿ, ನನಗೆ ಹೇಳುತ್ತಿದ್ದದ್ದು ಎರಡೇ ಸುದ್ದಿ. ಒಂದು, ಈರುಳ್ಳಿ ಬೆಲೆ ಏರಿತು. ಇಲ್ಲವಾದರೆ, ಯಾರೋ ಸತ್ತರು. "ಇನ್ನೇನಿದೆ ಅದ್ರಲ್ಲಿ?" ಎಂದರೆ, "ನಿಂಗರ್ಥ ಆಗಲ್ಲ ಬಿಡು" ಎಂದು ಹಾಳೆ ಮಡಚುತ್ತಿದ್ದರು. ಅಷ್ಟಗಲದ ಹಾಳೆಯಲ್ಲಿ ನನಗೆ ಅರ್ಥವಾಗುವುದು ಈರುಳ್ಳಿ ಒಂದೇ ಎಂದು ಈ ಮನುಷ್ಯನಿಗೆ ಹೇಳಿದವರು ಯಾರು ಎಂದು ನಾನು ಮಸಾಲೆ ರುಬ್ಬುತ್ತಾ ಯೋಚಿಸುತ್ತಿದ್ದೆ.

ತೊಂಬತ್ತರ ದಶಕದಲ್ಲಿ, ನಾವು ಜಯನಗರದ ಪಕ್ಕದ ಸಿದ್ದಾಪುರದಲ್ಲಿದ್ದಾಗ, ನಮ್ಮ ಬೀದಿಯ ಗಣೇಶನ ಗುಡಿಯ ಹಿಂದಿನ ಕೋಣೆಯಲ್ಲಿ ಹೆಂಗಸರಿಗೆ ಓದು ಕಲಿಸುವ ತರಗತಿ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ನಲ್ಲಿ ನೀರು ಬರುವುದಕ್ಕೆ ಮುಂಚೆ. ಕಲಿಸಲು ಬಂದವಳು ಶೋಭಾ ಎಂಬ ಹುಡುಗಿ, ಮೊಪೆಡ್ಡಿನಲ್ಲಿ ಬರುತ್ತಿದ್ದಳು. ವಯಸ್ಸಿನಲ್ಲಿ ನನ್ನ ಮೊಮ್ಮಗಳಂತಿದ್ದರೂ ನಾವೆಲ್ಲ ಅವಳನ್ನು ಟೀಚರಮ್ಮ ಎನ್ನುತ್ತಿದ್ದೆವು. ಒಳ್ಳೆಯ ಹುಡುಗಿ, ಆದರೆ ಎಲ್ಲದಕ್ಕೂ ಕ್ರಮ ಬೇಕು ಎನ್ನುವವಳು. ಕೋಣೆಯಲ್ಲಿದ್ದ ಕಬ್ಬಿಣದ ಬೀರುವಿಗೆ ಮೂರು ಖಾನೆ. ಕೆಳಗಿನದು ಒಂದನೇ ಮೆಟ್ಟಿಲು, ನಡುವಿನದು ಎರಡನೇದು. ಮೇಲಿನದರಲ್ಲಿ ಜಯನಗರದ ದೊಡ್ಡ ಮನೆಗಳವರು ಓದಿ ದಾನ ಕೊಟ್ಟ ಪುಸ್ತಕಗಳು, ಅದು ಮೂರನೇ ಮೆಟ್ಟಿಲು. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ.

ಒಂದನೇ ಮೆಟ್ಟಿಲಿನ ಪುಸ್ತಕದಲ್ಲಿ ಕಮಲ ಎಂಬ ಹೆಂಗಸಿದ್ದಳು. ಕಮಲ ನೀರು ತಂದಳು. ಕಮಲ ನೀರು ಕಾಯಿಸಿದಳು. ಕಮಲ ಮಗುವಿಗೆ ಲಸಿಕೆ ಹಾಕಿಸಿದಳು. ಹುಟ್ಟಿದಾಗಿನಿಂದ ನೀರು ಹೊತ್ತು ಕಾಯಿಸಿದ ನನಗೆ ಇವಳು ಬುದ್ಧಿ ಹೇಳುತ್ತಾಳೆ! ನನ್ನ ಮಕ್ಕಳಿಗೆ ಆಗಲೇ ಮೀಸೆ ನರೆಯುತ್ತಿತ್ತು, ಇನ್ನು ಯಾರಿಗೆ ಲಸಿಕೆ ಹಾಕಿಸಲಿ? ಇಡೀ ಪುಸ್ತಕದಲ್ಲಿ ಕಮಲ ಒಂದು ಸಲವೂ ಯಾರ ಜೊತೆಗೂ ಜಗಳವಾಡಲಿಲ್ಲ. ಅಂಥ ಹೆಂಗಸನ್ನು ನಾನು ಸಿದ್ದಾಪುರದಲ್ಲಿ ಕಂಡಿಲ್ಲ, ಬೇರೆಲ್ಲೂ ಕಂಡಿಲ್ಲ.

ಒಂದು ದಿನ ಬೀರು ತೆರೆದಿತ್ತು. ಮೇಲಿನ ಖಾನೆಯಿಂದ ಒಂದು ಪುಸ್ತಕದ ಮುಖಪುಟ ಇಣುಕುತ್ತಿತ್ತು. ಪರದೆಯ ಕೆಳಗೆ ಗೆಜ್ಜೆ ಹಾಕಿದ ಒಂದು ಕಾಲು, ಪಕ್ಕದಲ್ಲಿ ಉರುಳಿ ಬಿದ್ದ ಹಾಲಿನ ಲೋಟ. ನನ್ನ ಕೈ ತಾನಾಗಿ ಮೇಲೆ ಹೋಯಿತು.

"ಜಯಮ್ಮ, ಅದು ಮೂರನೇ ಮೆಟ್ಟಿಲು. ನೀವಿನ್ನೂ ಮೊದಲನೇದ್ರಲ್ಲಿ ಇದ್ದೀರ. ಕಷ್ಟ ಆಗುತ್ತೆ" ಎಂದಳು ಟೀಚರಮ್ಮ.

"ಕಷ್ಟ ಆದ್ರೆ ನಂಗ್ ತಾನೇ ಆಗೋದು?"

"ಹಾಗಲ್ಲಮ್ಮ. ಹೋದ ಸಲ ಒಬ್ರು ಹೀಗೇ ದಪ್ಪ ಪುಸ್ತಕ ತಗೊಂಡು, ಓದೋಕಾಗ್ದೆ ಬೇಜಾರಾಗಿ, ಕ್ಲಾಸಿಗೇ ಬರೋದ್ ಬಿಟ್ರು."

"ನಾನು ಗಂಡನ್ನೇ ಇಷ್ಟು ವರ್ಷ ಬಿಟ್ಟಿಲ್ಲ, ಪುಸ್ತಕ ಬಿಡ್ತೀನಾ? ಕೊಡಮ್ಮ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೂ ನಗು ಬಂತು. ನಗು ಬಂದವರು ಬೇಡ ಎನ್ನಲಾರರು. "ಸ್ವಲ್ಪ ದಿನ ಇಟ್ಕೊಳ್ಳಿ, ಆಗ್ಲಿಲ್ಲಾಂದ್ರೆ ವಾಪಸ್ ಕೊಡಿ" ಎಂದಳು.

ಪುಸ್ತಕದ ಹೆಸರಿನಲ್ಲೇ ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವುಗಳ ಸಹವಾಸ ಬೇಡವೆಂದು ಹೆಸರನ್ನು ಬಿಟ್ಟು ನೇರ ಒಳಗೆ ಹೋದೆ. ಸೋಪಿನ ಕಾರ್ಖಾನೆಯ ಒಬ್ಬ ಸಾಹುಕಾರ. ಅವನಿಗೊಬ್ಬಳು ಎರಡನೇ ಹೆಂಡತಿ, ಒಬ್ಬ ತಮ್ಮ, ಒಬ್ಬ ಮ್ಯಾನೇಜರು, ಒಬ್ಬ ಅಡಿಗೆಯವನು. ಬೆರಳಿಟ್ಟುಕೊಂಡು, ಒಂದೊಂದು ಅಕ್ಷರವನ್ನೂ ಅವರೆಕಾಳಿನಂತೆ ಹಿಚುಕಿ ಹಿಚುಕಿ ಓದಿದೆ. ಸಾಹುಕಾರ ಹಾಲು ಕುಡಿದದ್ದು ಒಂದು ಸೋಮವಾರ. ಸತ್ತದ್ದು ಮುಂದಿನ ವಾರದ ಶುಕ್ರವಾರ. ಪುಸ್ತಕದಲ್ಲಿ ಪಾಪ ಅವನು ತಕ್ಷಣ ಸತ್ತಿದ್ದ. ನನ್ನ ಓದಿನ ವೇಗಕ್ಕೆ ಅಷ್ಟು ದಿನ ಒದ್ದಾಡಬೇಕಾಯಿತು. "ಹಾಲಿಗೆ ವಿಷ ಬೆರೆಸಿದ್ದರು" ಎಂಬ ಸಾಲು ತಾನಾಗಿ ಕೂಡಿಕೊಂಡು ನನ್ನ ಬಾಯಿಂದ ಹೊರಬಿದ್ದಾಗ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ, ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು. ಮೈಯೆಲ್ಲ ಜುಮ್ಮೆಂದಿತು. ಆ ಸಾಲನ್ನು ನನಗೆ ಯಾರೂ ಓದಿ ಹೇಳಿರಲಿಲ್ಲ. ನಾನೇ ಓದಿದ್ದೆ. ಒಂದು ಕೊಲೆ, ಪೂರ್ತಿ ನನ್ನದೇ ಕೊಲೆ!

ಯಜಮಾನರು, "ಕೊಡಿಲ್ಲಿ, ಅರ್ಧ ಗಂಟೇಲಿ ಓದಿ ಯಾರು ಕೊಂದ್ರೂಂತ ಹೇಳ್ಬಿಡ್ತೀನಿ" ಎಂದರು. ಅಂದಿನಿಂದ ಪುಸ್ತಕವನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಇಡತೊಡಗಿದೆ. ಮದುವೆಯಾದಾಗಿನಿಂದ ಅವರು ಆ ಡಬ್ಬದ ಮುಚ್ಚಳ ತೆಗೆದವರಲ್ಲ. ಅದಕ್ಕಿಂತ ಭದ್ರವಾದ ಜಾಗ ಬ್ಯಾಂಕಿನಲ್ಲೂ ಇಲ್ಲ.

ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಾಗ ನಾನು ಓದಿದಷ್ಟನ್ನು, ಡಾಕ್ಟರು ಬಂದು ಹೆಣ ನೋಡಿದ್ದು, ಪೊಲೀಸರು ಬಂದದ್ದು, ಎಲ್ಲ ಹೇಳುತ್ತಿದ್ದೆ. ಮೊದಲು ನೀರಿಗಾಗಿ ಬರುತ್ತಿದ್ದವರು ಆಮೇಲೆ ಕೊಡ ತುಂಬಿದರೂ ಹೋಗಲಿಲ್ಲ. ನನ್ನ ಜೊತೆ ತರಗತಿಗೆ ಬರುತ್ತಿದ್ದ ಹಮೀದಾ, "ತಮ್ಮನೇ ಮಾಡಿರ್ತಾನೆ ಅಕ್ಕ, ಆಸ್ತಿ ಅಲ್ವಾ?" ಎಂದಳು. ಅವಳ ಮೈದುನ ಆಗ ಕೋರ್ಟಿಗೆ ಹೋಗಿದ್ದ. ನಾನು ಎರಡನೇ ಹೆಂಡತಿ ಎಂದೆ. ಗೆಜ್ಜೆ ಹಾಕಿಕೊಂಡು ಪರದೆಯ ಹಿಂದೆ ನಿಲ್ಲುವವರನ್ನು ನಾನು ನಂಬುವುದಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ನೀಲವ್ವ, ತರಗತಿಗೆ ಎಲ್ಲರಿಗಿಂತ ಕೊನೆಗೆ ಸೇರಿದವಳು, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅಮ್ಮಾರ, ಕೊಂದಾವ ಯಾವಾಗ್ ಸಿಗ್ತಾನ್ರೀ?"

ಹೀಗಿರುವಾಗ ಟೀಚರಮ್ಮ ಒಂದು ದಿನ ನನ್ನನ್ನು ಎಬ್ಬಿಸಿ ಓದಿಸಿದಳು. ಪೊಲೀಸರು ಮ್ಯಾನೇಜರನ್ನು ಪ್ರಶ್ನಿಸುವ ಭಾಗ. ನಾನು ಎರಡು ಸಾಲಿಗೆ ಬೆವತೆ. ಒತ್ತಕ್ಷರ ಬಂದಲ್ಲೆಲ್ಲ ಹಳ್ಳ ದಾಟಿದಂತೆ ಹಾರಿದೆ. "ನೋಡಿದ್ರಾ? ಅರ್ಧ ಬಿಟ್ಕೊಂಡು ಓದ್ತಿದ್ದೀರ. ಕಮಲನ್ನ ಮುಟ್ಟೇ ಇಲ್ಲ. ಈಗ ಕೊಡಿ, ಇದು ನಿಮ್ಗೆ ಸರಿಯಾದ ಪುಸ್ತಕಾನಾ ಅಂತ ನಾನ್ ಓದಿ ನೋಡ್ತೀನಿ" ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮೊಪೆಡ್ಡು ಹತ್ತಿಬಿಟ್ಟಳು. ಆ ದಿನ ಮುದ್ದೆ ತೊಳಸುವಾಗಲೂ ನನಗೆ ಅದೇ ಯೋಚನೆ. ಮ್ಯಾನೇಜರು ಅಲ್ಲೇ ಬೆವರುತ್ತ ನಿಂತಿದ್ದಾನೆ, ಪೊಲೀಸರು ಅಲ್ಲೇ ಕೂತಿದ್ದಾರೆ, ನಾನು ಇಲ್ಲಿದ್ದೇನೆ. ಕೊಂದವರು ಯಾರೆಂದು ತಿಳಿಯದೆಯೇ ಸತ್ತರೆ? ನನ್ನ ವಯಸ್ಸಿನಲ್ಲಿ ಅದು ಬರೀ ಮಾತಲ್ಲ.

ಮಾರನೆಯ ದಿನ ಟೀಚರಮ್ಮ ಬಂದಾಗ ಕಣ್ಣು ಕೆಂಪಾಗಿತ್ತು. ಹಲಗೆಯ ಮೇಲೆ 'ಕ' ಬರೆದು, ಕಮಲ ಎನ್ನುವ ಬದಲು ಕೊಲೆ ಎಂದಳು. ನಮಗೆ ಗೊತ್ತಾಗಿಹೋಯಿತು.

"ಓದಿ ಮುಗಿಸ್ಬಿಟ್ರಾ, ಟೀಚರಮ್ಮ?" ಎಂದೆ.

ಅವಳು ಹಲಗೆಯ ಕಡೆ ತಿರುಗಿ ಬರೆದಿದ್ದ 'ಕ'ವನ್ನು ಒರೆಸತೊಡಗಿದಳು.

"ನಿದ್ದೆ ಕೆಟ್ಟಿದ್ದೀರ. ತಮ್ಮ ತಾನೇ?" ಎಂದಳು ಹಮೀದಾ.

"ಹೇಳಲ್ಲ!" ಎಂದಳು ಟೀಚರಮ್ಮ. ಆಮೇಲೆ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು. "ಇಷ್ಟು ದಿನ ಈ ಬೀರು ಇಟ್ಕೊಂಡಿದ್ದೀನಿ, ಮೇಲಿನ ಖಾನೇಲಿ ಏನಿದೇಂತ ನಾನೇ ನೋಡಿರ್ಲಿಲ್ಲ ಜಯಮ್ಮ. ನೀವೇ ಓದ್ಕೊಳ್ಳಿ. ಎಲ್ರೂ ಬನ್ನಿ, ಏನ್ ಬೇಕೋ ತಗೊಳ್ಳಿ. ಕಷ್ಟ ಆದ್ರೆ ವಾಪಸ್ ಇಟ್ಬಿಡಿ, ಇನ್ನೊಂದ್ ತಗೊಳ್ಳಿ. ಯಾರೂ ಏನೂ ಅನ್ನಲ್ಲ."

ಆಮೇಲೆ ಆದದ್ದನ್ನು ನೀವು ನೋಡಬೇಕಿತ್ತು. ಸೀರೆ ಅಂಗಡಿಯ ಆಷಾಢದ ರಿಯಾಯಿತಿಗೂ ಅಂಥ ನೂಕುನುಗ್ಗಲು ಇರುವುದಿಲ್ಲ. ಹಮೀದಾ ಬಟ್ಟೆ ಕತ್ತರಿಸುವ ಪುಸ್ತಕ ಹಿಡಿದಳು, ಅಳತೆಯ ಅಂಕಿಗಳಿಂದಲೇ ಅಕ್ಷರಕ್ಕೆ ಇಳಿದಳು. ಹೂ ಮಾರುವ ರತ್ನ ಜಾತಕದ ಪುಸ್ತಕ ತೆಗೆದು ಮೊದಲು ಅತ್ತೆಯ ರಾಶಿ ಹುಡುಕಿದಳು. ಒಬ್ಬಳಂತೂ ಎಲ್ಲಕ್ಕಿಂತ ದಪ್ಪದ ಕಾನೂನಿನ ಪುಸ್ತಕವನ್ನೇ ಹೊತ್ತುಕೊಂಡು ಹೋದಳು. ಅದನ್ನು ಅವಳು ಓದಲಿಲ್ಲ. ಆದರೆ ಅದು ಮನೆಯಲ್ಲಿದ್ದ ದಿನಗಳಲ್ಲಿ ಅವಳ ಗಂಡ ಕೈ ಎತ್ತಲಿಲ್ಲ. ಅದೂ ಒಂದು ಬಗೆಯ ಉಪಯೋಗವೇ ತಾನೇ?

ನಾನು ಮ್ಯಾನೇಜರನ್ನು ಬಿಡಿಸಿಕೊಂಡು, ಅಡಿಗೆಯವನನ್ನು ದಾಟಿ, ಯುಗಾದಿಗೆ ಹಿಡಿದ ಪುಸ್ತಕವನ್ನು ದೀಪಾವಳಿಗೆ ಮುಗಿಸಿದೆ. ಕೊನೆಯ ಹೊತ್ತಿಗೆ ಒತ್ತಕ್ಷರಗಳು ತಾವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಕೊಂದವರು ಯಾರೆಂದು ಗೊತ್ತಾದಾಗ ನಾನು ಎದ್ದು ನಿಂತು, ಮನೆಯಲ್ಲಿ ಯಾರೂ ಇಲ್ಲದ್ದರಿಂದ ಒಲೆಯ ಮುಂದೆ ಒಂದು ಸುತ್ತು ತಿರುಗಿದೆ. ನಲ್ಲಿಯ ಹತ್ತಿರ ಮಾತ್ರ ಬಾಯಿ ಬಿಡಲಿಲ್ಲ. ಅಷ್ಟು ತಿಂಗಳು ಬೆವರು ಸುರಿಸಿ ಹಿಡಿದ ಕೊಲೆಗಾರನನ್ನು ಒಂದು ಕೊಡ ನೀರು ತುಂಬುವುದರೊಳಗೆ ಬಿಟ್ಟುಕೊಡುವುದೇ?

ತರಗತಿಯಲ್ಲಿ ನೀಲವ್ವ ಗಂಟು ಬಿದ್ದಳು. "ಅಮ್ಮಾರ, ಹೇಳ್ರೆಲ್ಲಾ. ಇಲ್ಲಾಂದ್ರ ಪುಸ್ತಕಾನ ಕೊಡ್ರಿ, ನಾನ ಓದ್ತೀನಿ."

"ನಿಂಗಿನ್ನೂ ಕಾಗುಣಿತಾನೇ ನೆಟ್ಟಗೆ ಬರಲ್ಲ. ಮೊದ್ಲು ಕಮಲನ್ನ ಮುಗ್ಸು. ಆಮೇಲೆ ನೋಡೋಣ" ಎಂದೆ.

ಹೇಳಿದ ಮೇಲೆ ಆ ಮಾತು ಯಾರದೆಂದು ನನಗೇ ಹೊಳೆಯಿತು. ಟೀಚರಮ್ಮ ಹಲಗೆ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಪುಸ್ತಕ ಕೊಟ್ಟೆ. ಕೊಡದೆ ಏನು ಮಾಡಲಿ?

ನೀಲವ್ವ ಪುಸ್ತಕವನ್ನು ಬೋರಲು ಹಾಕಿದಳು. ಹಿಂದಿನಿಂದ ತೆರೆದು, ಕೊನೆಯ ಪುಟದ ಮೇಲೆ ಬೆರಳಿಟ್ಟು, "ಡಾ... ಕ್... ಡಾಕ..." ಎಂದು ತಡವರಿಸಿ, ಆಮೇಲೆ ಇಡೀ ಗುಡಿಗೆ ಕೇಳುವಂತೆ ಕಿರುಚಿದಳು. "ಡಾಕ್ಟ್ರು! ಹೆಣ ನೋಡಾಕ್ ಬಂದಿದ್ನಲ್ಲ, ಆ ಡಾಕ್ಟ್ರೇ ಕೊಂದಾನ್ರೀ!"

"ಅಯ್ಯೋ, ಹಾಗೆ ಹಿಂದಿಂದ ಓದಬಾರ್ದು ಕಣೇ!" ಎಂದು ನಾನೂ ಕಿರುಚಿದೆ.

"ಯಾಕ್ರೀ? ನಿಮಗ ಬೇಕಾದ್ದ ನೀವ್ ಓದಿದ್ರಿ, ನನಗ ಬೇಕಾದ್ದ ನಾ ಓದಿದೆ. ಅದರಾಗೇನ್ ತಪ್ಪೈತಿ?"

ನ್ಯಾಯಕ್ಕೆಂದು ಟೀಚರಮ್ಮನ ಕಡೆ ನೋಡಿದೆ. ಅವಳು ಗೋಡೆಗೆ ತಿರುಗಿಕೊಂಡು ಭುಜ ಕುಣಿಸಿ ನಗುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡು ಬೀರುವಿನ ಹತ್ತಿರ ಹೋಗಿ, ಮೇಲಿನ ಖಾನೆಯಿಂದ ಇನ್ನೂ ದಪ್ಪದೊಂದು ಕೊಲೆಯನ್ನು ಆರಿಸಿಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕೂತೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೊನೆಯ ಪುಟ ತೆರೆದೆ.