ಅಪ್ಪನ ಕಾರಿನ ಕುಂಯ್

ಕಾರನ್ನು ಮಾರಬೇಕೋ ಬೇಡವೋ ಎಂದು ತೀರ್ಮಾನಿಸಲು ಅಕ್ಕ ಸಂಜೆ ಬರುವವಳಿದ್ದಳು. ಅಪ್ಪ ಬಿಟ್ಟುಹೋದ ಆ ಕಾರಿನಲ್ಲಿ ಇಬ್ಬರಿಗೂ ಸಮಪಾಲು. ತಮ್ಮನಾದ ಗುಮಾಸ್ತನಿಗಂತೂ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಸೀಟಿಗೆ ತಲೆಯಾನಿಸಿದರೆ ಈಗಲೂ ಅಪ್ಪನ ತಲೆಯೆಣ್ಣೆಯ ವಾಸನೆ ಬರುತ್ತಿತ್ತು.

ಅಡ್ಡಿಯೆಂದರೆ ರೇಡಿಯೊ. ಎಂಜಿನ್ ಶುರುವಾದೊಡನೆ ಹಾಡಿನ ಹಿಂದಿನಿಂದ 'ಕುಂಯ್' ಎಂಬ ದನಿ ಹೊರಟು, ಆಕ್ಸಿಲರೇಟರ್ ಒತ್ತಿದಷ್ಟೂ ಮೇಲೇರಿ, ಬಾಲ ತುಳಿಸಿಕೊಂಡ ನಾಯಿಮರಿಯ ಗೋಳಾಗುತ್ತಿತ್ತು. ಅಕ್ಕನದು ಬಲು ನಾಜೂಕಿನ ಕಿವಿ. ಇದನ್ನು ಕೇಳಿದರೆ 'ಮಾರು' ಎಂದೇಬಿಡುತ್ತಾಳೆಂದು ಹೆದರಿದ ಗುಮಾಸ್ತ ಕಚೇರಿಗೆ ರಜೆ ಹಾಕಿ ಬಾನೆಟ್ ಎತ್ತಿದ.

ಬಾನೆಟ್ ಎತ್ತಿದವನ ಸುತ್ತ ಬೀದಿಗೆ ಬೀದಿಯೇ ನೆರೆಯುತ್ತದೆ.

"ಫ್ಯಾನ್ ಬೆಲ್ಟು ಕಣಯ್ಯಾ, ಸೋಪು ತಿಕ್ಕು," ಎಂದರು ಎದುರುಮನೆಯ ನಿವೃತ್ತ ಬಸ್ ಡ್ರೈವರ್. ತಿಕ್ಕಿದ. ನೊರೆ ಬಂತು, ದನಿ ಹೋಗಲಿಲ್ಲ.

"ಬೆಲ್ಟಾದ್ರೆ ರೇಡಿಯೊ ಆಫ್ ಮಾಡಿದ್ರೂ ಕೇಳ್ಬೇಕಲ್ರೀ? ಎಲ್ಲೋ ವೈರು ಕಿತ್ಕೊಂಡಿದೆ," ಎನ್ನುತ್ತ ಪಕ್ಕದ ಮನೆಯ ಟೈಲರಮ್ಮ ಒಳಗೆ ಕೈಯಿಟ್ಟು, ಬಿಡಿಯಾಗಿ ನೇತಾಡುತ್ತಿದ್ದ ಎರಡು ವೈರುಗಳನ್ನು ಕಾಜಾ ಹೆಣೆದಷ್ಟು ಅಂದವಾಗಿ ಸೇರಿಸಿದಳು. ರೇಡಿಯೊ ಹಾಕಿದ ಕೂಡಲೇ ಹಾರನ್ ಬಾಯಿಬಡಿದುಕೊಳ್ಳತೊಡಗಿತು.

"ಕುಂಯ್ ಹೋಯ್ತಲ್ಲಾ?" ಎಂದು ಅವಳು ಕೂಗಿದಳು.

"ಹೋಗಿಲ್ಲಮ್ಮಾ, ಇದ್ರಲ್ಲಿ ಮುಳುಗಿದೆ!" ಎಂದು ಗುಮಾಸ್ತನೂ ಕೂಗಿದ.

ಹಾರನ್ನಿನ ಆರ್ಭಟಕ್ಕೆ ಮೂಲೆಯಂಗಡಿಯ ರೇಡಿಯೊ ರಿಪೇರಿಯವರು ಓಡಿಬಂದರು. ಟೈಲರಮ್ಮನ ಹೆಣಿಗೆ ಬಿಚ್ಚಿ, ರೇಡಿಯೊದ ಹಿಂದಿನ ಬೋಲ್ಟೊಂದನ್ನು ಉಗುರಿನಿಂದ ಕೆರೆದರು. "ನೋಡಿ, ಅರ್ತ್ ವೈರು ತುಕ್ಕಿನ ಮೇಲೆ ಕೂತಿದೆ. ಎಂಜಿನ್ ಗಲಾಟೆಗೆ ಹೋಗೋಕೆ ಬೇರೆ ದಾರಿ ಇಲ್ಲ, ರೇಡಿಯೊ ಒಳಗೇ ನುಗ್ಗುತ್ತೆ." ತುಕ್ಕು ತಿಕ್ಕಿ ತೆಗೆದು, ದಪ್ಪನೆಯ ಹೊಸ ವೈರು ಎಳೆದು ಬೆಸುಗೆ ಹಾಕಿದರು. ರೇಡಿಯೊ ಹಾಡಿತು, ಹಿಂದೆ ಒಂದು ಸೊಳ್ಳೆಯೂ ಗುನುಗಲಿಲ್ಲ.

ಸಂಜೆ ಬಂದ ಅಕ್ಕ ತಾನೇ ಸ್ಟೀರಿಂಗ್ ಹಿಡಿದು ರೇಡಿಯೊ ಹಾಕಿದಳು. ಏನನ್ನೋ ಕಾಯುವವಳಂತೆ ಕತ್ತು ವಾಲಿಸಿದ್ದಳು. ಕಾರು ಮೊದಲ ಗೇರಿನಲ್ಲೇ ಏದುಸಿರು ಬಿಡುತ್ತ ಸಾಗಿತು. ಸೈಕಲ್ಲುಗಳು ಹಿಂದಿಕ್ಕಿ ಹೋದವು. ಬೀದಿಯ ಕೊನೆಯಲ್ಲಿ ಅವಳು ನಿಲ್ಲಿಸಿದಳು.

"ಆ ಕುಂಯ್ ಎಲ್ಲೋ?"

"ತೆಗೆಸಿಬಿಟ್ಟೆ ಅಕ್ಕಾ!" ಗುಮಾಸ್ತನ ಎದೆ ಉಬ್ಬಿತು.

"ಅಯ್ಯೋ ಪೆದ್ದೇ! ಅಪ್ಪ ನಂಗೆ ಗೇರ್ ಹಾಕೋದು ಕಲಿಸಿದ್ದೇ ಅದರಿಂದ ಕಣೋ. 'ಮೀಟರ್ ನೋಡ್ಬೇಡ ಮಗಳೇ, ರಸ್ತೆ ನೋಡು. ಅದು ಅಳೋಕೆ ಶುರುಮಾಡಿದ ತಕ್ಷಣ ಗೇರ್ ಬದಲಿಸು, ಸಮಾಧಾನ ಆಗುತ್ತೆ' ಅಂತಿದ್ರು." ಅವಳು ರೇಡಿಯೊ ಆರಿಸಿದಳು. "ಮಾರೋದು ಬೇಡ ಅಂತ ಹೇಳೋಕೇ ಬಂದಿದ್ದೆ. ಈಗ ಇದೂ ಎಲ್ಲರ ಕಾರಿನ ಹಾಗೇ. ಮಾರಿಬಿಡೋ."

ಗುಮಾಸ್ತ ಮೂಲೆಯಂಗಡಿಗೆ ಓಡಿದ. "ಸ್ವಾಮೀ, ಆ ದನಿ... ಮತ್ತೆ ಬರುತ್ತಾ?"

ರಿಪೇರಿಯವರು ಅವನ ಭುಜ ತಟ್ಟಿ ನಕ್ಕರು. "ಹೆದರ್ಬೇಡಿ ಸಾರ್! ನಾನು ಬೆಸುಗೆ ಹಾಕಿದ್ಮೇಲೆ ಈ ಜನ್ಮದಲ್ಲಿ ಬರಲ್ಲ!"