ಸಿರುಗುಪ್ಪ ಬಸ್ಸಿನ ಮುಂದಿನ ಸೀಟು

ಆ ದಿನ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅಂಗಡಿಗಳ ಬಾಗಿಲು ತೆರೆಯುವ ಮೊದಲೇ ಗಂಭೀರವಾದ ಸುದ್ದಿಯೊಂದು ಹಬ್ಬಿತು. ಯುದ್ಧದ ಕಾಲ. ದೂರದಲ್ಲಿ ಊರೂರುಗಳೇ ಉರಿಯುತ್ತಿದ್ದವು. ಆದರೆ ಸುದ್ದಿ ಅದಲ್ಲ. ಹಿಂದಿನ ದಿನ ಸಿರುಗುಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕದಲ್ಲಿ, ಒಬ್ಬ ಮನುಷ್ಯ ಕೂತಿದ್ದ.

ನಾನು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿಬರುವ ಆ ಬಸ್ಸಿನ ಕಂಡಕ್ಟರ್. ನಮ್ಮ ಬಸ್ಸಿನಲ್ಲಿ ವಿಚಿತ್ರಗಳು ನಡೆಯುತ್ತಲೇ ಇದ್ದವು. ಮೊದಮೊದಲು ಹೆದರುತ್ತಿದ್ದೆ, ಆಮೇಲೆ ಅದೂ ಕೆಲಸದ ಭಾಗವಾಯಿತು. ಬಸ್ಸಿಗೆ ನಾವು ಮೂವರು: ಡ್ರೈವರ್, ಕ್ಲೀನರ್, ನಾನು. ನಾಲ್ಕನೆಯವರ ವಿಷಯದಿಂದಲೇ ಶುರು ಮಾಡಬೇಕು.

ಹುಣಸೆಮರ

ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ನಮ್ಮ ಬಸ್ಸು ಇದ್ದಿಲಿನಲ್ಲಿ ಓಡುತ್ತಿತ್ತು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ ಕಟ್ಟಿದ್ದರು. ಕ್ಲೀನರ್ ಅದಕ್ಕೆ ಇದ್ದಿಲು ತುಂಬಿ ಬೆಂಕಿ ಹಚ್ಚಿ, ಪಕ್ಕದ ಹಿಡಿಕೆ ತಿರುವಿ ಗಾಳಿ ಹಾಕಬೇಕು. ಆ ಹೊಗೆ ಕೊಳವೆಯಲ್ಲಿ ಹಾದು ಇಂಜಿನ್ನಿಗೆ ಹೋಗಬೇಕು. ಹೋದರೆ ಬಸ್ಸು ಹೊರಡುತ್ತಿತ್ತು. ಹೋಗದಿದ್ದರೆ ಪ್ರಯಾಣಿಕರು ಹೊರಡುತ್ತಿದ್ದರು.

ಕೊಳಗಲ್ಲು ದಾಟಿ ಕುರುಗೋಡಿಗೆ ಹೋಗುವ ದಾರಿಯಲ್ಲಿ ಒಂದು ಹುಣಸೆಮರ. ಸುತ್ತ ಕಪ್ಪು ಎರೆಮಣ್ಣಿನ ಹೊಲ, ಕಣ್ಣು ಹಾಯುವಷ್ಟು ದೂರ ಮತ್ತೊಂದು ಗಿಡವಿಲ್ಲ. ಬಸ್ಸು ಆ ಮರದ ಕೆಳಗೆ ಬಂದು ನಿಲ್ಲುತ್ತಿತ್ತು. ನಾವು ನಿಲ್ಲಿಸುತ್ತಿರಲಿಲ್ಲ, ಅದೇ ನಿಲ್ಲುತ್ತಿತ್ತು. ಅಲ್ಲಿ ಸಣ್ಣ ಏರು ಇದೆ, ಇದ್ದಿಲಿನ ಬಸ್ಸಿಗೆ ಏರು ಆಗದು ಎಂದು ತಿಳಿದವರು ಹೇಳಿದರು. ಮರಳಿ ಬರುವಾಗ ಅದೇ ಜಾಗ ಇಳಿಜಾರು. ಆಗಲೂ ನಿಲ್ಲುತ್ತಿತ್ತು. ಇದರ ಬಗ್ಗೆ ತಿಳಿದವರು ಏನೂ ಹೇಳಲಿಲ್ಲ.

ಕೊಳಗಲ್ಲಿನ ರೈತರು ಹೇಳಿದರು. ಹಿಂದೆ ಒಬ್ಬ ಮುದುಕಿ ಕುರುಗೋಡಿನ ಮಗಳ ಮನೆಗೆ ಹೋಗಬೇಕೆಂದು ಆ ಮರದ ಕೆಳಗೆ ಕೂತು, ಬಂದ ಬಂಡಿಗಳಿಗೆಲ್ಲ ಕೈ ಮಾಡಿದಳಂತೆ. ಯಾರೂ ಹತ್ತಿಸಿಕೊಳ್ಳಲಿಲ್ಲ. ಕೂತಲ್ಲೇ ಜೀವ ಬಿಟ್ಟಳು.

ನಮ್ಮ ಡ್ರೈವರ್ ಐವತ್ತು ದಾಟಿದ ದಪ್ಪ ಮೀಸೆಯ ಮನುಷ್ಯ, ಮಾತು ಕಡಿಮೆ. ಈ ಕಥೆ ಕೇಳಿದ ಮರುದಿನ ಬಸ್ಸು ಮರದ ಕೆಳಗೆ ನಿಂತಾಗ ಆತ ಇಳಿಯಲಿಲ್ಲ, ಬೈಯಲಿಲ್ಲ. ಕೈ ಚಾಚಿ ಪಕ್ಕದ ಬಾಗಿಲು ತೆಗೆದ.

“ಬಾರವ್ವಾ, ಕುಂದ್ರು. ಮಗಳ ಊರಿಗೆ ಬಿಡ್ತೀನಿ,” ಎಂದ. ಒಬ್ಬರು ಹತ್ತಿ ಕೂರುವಷ್ಟು ಹೊತ್ತು ಕಾದು ಬಾಗಿಲು ಹಾಕಿದ. ಕ್ಲೀನರ್ ಹಿಡಿಕೆಗೆ ಕೈ ಹಚ್ಚಿದ್ದೇ ತಡ, ಇಂಜಿನ್ ಹಿಡಿಯಿತು.

ಅಂದಿನಿಂದ ಹೋಗುವಾಗ ಮರದಿಂದ ಕುರುಗೋಡಿನವರೆಗೆ, ಬರುವಾಗ ಕುರುಗೋಡಿನಿಂದ ಮರದವರೆಗೆ ಆ ಸೀಟು ಖಾಲಿ. ಟಿಕೆಟ್ ಕೇಳುವುದು ನನ್ನ ಕೆಲಸವಾಗಿತ್ತು. ಆದರೆ ಯಾರ ಮುಖ ನೋಡಿ ಕೇಳಲಿ?

ಗುಮಾಸ್ತರು

ಬ್ರೂಸ್‌ಪೇಟೆಯ ಸುದ್ದಿಗೆ ಕಾರಣರಾದವರು ಬಳ್ಳಾರಿಗೆ ಹೊಸದಾಗಿ ಬಂದಿದ್ದ ಒಬ್ಬ ಗುಮಾಸ್ತರು. ಬಳ್ಳಾರಿಯಲ್ಲೇ ಮುಂದೆ ಹತ್ತಿ ಕೂತಿದ್ದರು. ಕೊಳಗಲ್ಲು ಬಂದಾಗ, ಮುದುಕಿಯ ವಿಷಯ ಹೇಳಿ, ಹಿಂದೆ ಬನ್ನಿ ಎಂದು ಕೇಳಿಕೊಂಡೆ. ತಮಗೆ ಇಂಥದರಲ್ಲಿ ನಂಬಿಕೆಯಿಲ್ಲ ಎಂದರು.

“ನಂಬಿಕಿ ಬ್ಯಾಡ್ರಿ ಸಾಹೇಬ್ರ, ಜಾಗ ಬೇಕು,” ಎಂದ ಡ್ರೈವರ್.

ಗುಮಾಸ್ತರು ಏಳಲಿಲ್ಲ. ಮರದ ಕೆಳಗೆ ಬಸ್ಸು ನಿಂತಿತು. ಡ್ರೈವರ್ ಅವರ ಮಡಿಲ ಮೇಲಿಂದ ಕೈ ಚಾಚಿ ಬಾಗಿಲು ತೆಗೆದು, ಕಾದು, ಹಾಕಿದ. ಬಸ್ಸು ಹೊರಟಿತು. ಮುಂದಿನ ಕೋಣೆಗೂ ಪ್ರಯಾಣಿಕರಿಗೂ ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಜಾಲರಿ ಕಿಂಡಿ ಇತ್ತು. ಅಲ್ಲಿಂದ ನೋಡುತ್ತಿದ್ದೆ. ಸ್ವಲ್ಪ ದೂರ ಹೋಗುವುದರಲ್ಲಿ ಗುಮಾಸ್ತರು ಧೋತರದ ಅಂಚು ಎಳೆದುಕೊಂಡರು. ಆಮೇಲೆ ಡ್ರೈವರನ ಕಡೆಗೆ ಸರಿದರು. ಇನ್ನೂ ಸರಿದರು. ಗೇರು ಹಾಕಲು ಹೋದರೆ ಡ್ರೈವರನ ಮೊಳಕೈ ಅವರ ಪಕ್ಕೆಗೆ ತಾಗತೊಡಗಿತು. ಆ ಕಡೆ ಸರಿಯಿರಿ ಎಂದ.

“ಹೆಂಗ ಸರೀಲ್ರಿ?” ಎಂದರು ಗುಮಾಸ್ತರು ಮೆಲ್ಲಗೆ. “ಜಾಗ ಎಲ್ಲೈತಿ?”

ಕುರುಗೋಡು ಬಂದಾಗ ಬಾಗಿಲು ತೆಗೆದರೂ ಅವರು ತಕ್ಷಣ ಇಳಿಯಲಿಲ್ಲ. ಹಿರಿಯರು ಮೊದಲು ಇಳಿಯಲಿ ಎಂದು ಕಾದರು.

ಗುಡ್ಡದ ಮಾತು

ಈಗ ಕ್ಲೀನರ್. ಮೂವತ್ತು ದಾಟಿದ್ದ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಇದ್ದಿಲ ಮಸಿ ಮೆತ್ತಿ ಮೆತ್ತಿ ಸಂಜೆಯ ಹೊತ್ತಿಗೆ ಆತನ ಕಣ್ಣು, ಹಲ್ಲು ಮಾತ್ರ ಬಸ್ಸಿನ ಹಿಂದೆ ಓಡಾಡುವಂತೆ ಕಾಣುತ್ತಿತ್ತು. ಹೊಸ ಪ್ರಯಾಣಿಕರು ಮುದುಕಿಗಿಂತ ಅವನಿಗೇ ಹೆಚ್ಚು ಹೆದರುತ್ತಿದ್ದರು. ಅವನು ಮಾತ್ರ ಯಾವ ದೆವ್ವಕ್ಕೂ ಹೆದರುತ್ತಿರಲಿಲ್ಲ. ತನ್ನ ಕೈಗೆ ಹೆದರುತ್ತಿದ್ದ.

“ನನ್ನ ಕೈಲೆ ಆಗಂಗಿಲ್ರಿ” ಎನ್ನುವುದು ಅವನ ಮಾತು. ಕೊಳವೆ ಕಟ್ಟಿಕೊಂಡರೆ ಆಗಂಗಿಲ್ಲ ಎನ್ನುವನು, ಆಮೇಲೆ ಬಿಚ್ಚಿ ಸರಿಮಾಡುವನು. ಮಗಳ ಜಡೆ ಹೆಣೆಯಲೂ ಆಗಂಗಿಲ್ಲ ಎಂದೇ ಕೂತು ಹೆಣೆಯುತ್ತಿದ್ದ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಯುದ್ಧ ಮುಗಿಯಿತು, ಇದ್ದಿಲು ಮುಗಿಯಲಿಲ್ಲ. ಡ್ರೈವರನ ಕಣ್ಣು ಮಂಜಾಗುತ್ತ ಬಂತು. ದೀಪಾವಳಿಯ ನಂತರ ಬಿಡುತ್ತೇನೆ, ನನ್ನ ಜಾಗಕ್ಕೆ ಇವನನ್ನು ಹಾಕಿಕೊಳ್ಳಿ ಎಂದು ಬಸ್ಸಿನ ಸಾಹುಕಾರರಿಗೆ ಹೇಳಿದ. ಸಾಹುಕಾರರು ಒಪ್ಪಿದರು: ದೀಪಾವಳಿಯೊಳಗೆ ಲೈಸೆನ್ಸ್ ತರಬೇಕು, ಇಲ್ಲದಿದ್ದರೆ ಆದೋನಿಯಿಂದ ಒಬ್ಬ ಡ್ರೈವರ್ ಬರುತ್ತಾನೆ. ಅವನು ಬರುವಾಗ ತನ್ನ ಕ್ಲೀನರನನ್ನೂ ಕರೆತರುತ್ತಾನೆ.

ಅಲ್ಲಿಗೆ ಡ್ರೈವಿಂಗ್ ಕಲಿಕೆ ಶುರುವಾಯಿತು. ಸಿರುಗುಪ್ಪದಲ್ಲಿ ಜನ ಇಳಿದ ಮೇಲೆ ಖಾಲಿ ಬಸ್ಸನ್ನು ಬಯಲಿಗೆ ಒಯ್ಯುತ್ತಿದ್ದರು. ಡ್ರೈವರ್ ಪಕ್ಕದಲ್ಲಿ ಕೂತು, ಕ್ಲಚ್ ಒತ್ತು, ಗೇರು ಹಾಕು, ಮೆಲ್ಲಕ ಬಿಡು ಎನ್ನುವನು. ಹಾಗೆ ಹೇಳುತ್ತಿದ್ದರೆ ಕ್ಲೀನರ್ ಬಸ್ಸನ್ನು ನೀರಿನ ಹಾಗೆ ಓಡಿಸುತ್ತಿದ್ದ. ಡ್ರೈವರ್ ಬಾಯಿ ಮುಚ್ಚಿದರೆ ಇವನ ಕಾಲು ಮರಗಟ್ಟಿ ಬಸ್ಸು ನಿಲ್ಲುತ್ತಿತ್ತು. ಮುಂದೆ ಏನು ಎಂದು ಕೇಳಲು ಪ್ರತಿ ಸಲ ಪಕ್ಕಕ್ಕೆ ತಿರುಗುತ್ತಿದ್ದ.

“ದಾರಿ ನೋಡಲೇ, ನನ್ನ ಮಾರಿ ಏನ್ ನೋಡ್ತಿ?” ಎಂದು ಗದರಿ ಗದರಿ ಆ ಚಾಳಿ ಬಿಡಿಸಿದ. ಆಮೇಲೆ ಏನಾದರೂ ಅವನು ಕತ್ತು ತಿರುಗಿಸುತ್ತಿರಲಿಲ್ಲ. ಮಾತು ಮಾತ್ರ ಬೇಕಿತ್ತು.

ಕುರುಗೋಡಿನ ಬಂಡೆಗುಡ್ಡಕ್ಕೆ ಕೂಗಿದ ಮಾತು ಮರಳಿ ಕೇಳಿಸುತ್ತದೆ. ಒಂದು ಸಂಜೆ ಡ್ರೈವರ್ ಅಲ್ಲಿ ಬಸ್ಸು ನಿಲ್ಲಿಸಿ, “ನನ್ನ ಕೈಲೆ ಆಕ್ಕೈತಿ ಅಂತ ಕೂಗು. ಗುಡ್ಡ ಹೂಂ ಅಂತೈತಿ,” ಎಂದ. ತಾನೇ ಮೊದಲು ಕೂಗಿ ತೋರಿಸಿದ. ಗುಡ್ಡ ಅದೇ ದನಿಯಲ್ಲಿ ಹೇಳಿತು. ಆಮೇಲೆ ಕ್ಲೀನರ್ ಕೈ ಕಟ್ಟಿಕೊಂಡು, ತಪ್ಪು ಒಪ್ಪಿಕೊಳ್ಳುವವನಂತೆ ಕೂಗಿದ. ನಾವು ಕಾದೆವು. ಗಾಳಿ ಕೂಡ ನಿಂತಿತ್ತು. ಬಂಡೆಗಳೆಲ್ಲ ನಮ್ಮ ಕಡೆ ಮುಖ ಮಾಡಿ ಕೂತಂತಿತ್ತು. ಒಂದು ಅಕ್ಷರವೂ ಬರಲಿಲ್ಲ.

“ಗುಡ್ಡಕ್ಕೂ ನಂಬಿಕಿ ಬರಲಿಲ್ಲ ನೋಡ್ರಿ ಉಸ್ತಾದ್ರ,” ಎಂದ ಕ್ಲೀನರ್. ಅವನ ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತು.

ಜ್ವರ

ದೀಪಾವಳಿ ಹತ್ತಿರವಿತ್ತು. ಸಿರುಗುಪ್ಪದಲ್ಲಿ ಒಂದು ಮಧ್ಯಾಹ್ನ ಡ್ರೈವರನಿಗೆ ಚಳಿಜ್ವರ ಬಂತು. ಕಂಬಳಿ ಹೊದ್ದರೂ ಹಲ್ಲು ಕಟಕಟಿಸುತ್ತಿತ್ತು. ಅಲ್ಲಿಯ ವೈದ್ಯರು ಕಣ್ಣುರೆಪ್ಪೆ ಎತ್ತಿ ನೋಡಿ, ಇವತ್ತೇ ಬಳ್ಳಾರಿ ಆಸ್ಪತ್ರೆಗೆ ಒಯ್ಯಿರಿ, ನಾಳೆಗೆ ಇಡಬೇಡಿ ಎಂದರು. ಒಯ್ಯಲು ಇದ್ದದ್ದು ಒಂದೇ ಬಸ್ಸು, ಅದರ ಡ್ರೈವರ್ ಕಂಬಳಿಯೊಳಗಿದ್ದ.

ಎಲ್ಲರೂ ಕ್ಲೀನರನನ್ನು ನೋಡಿದೆವು. ಅವನು ಹೇಳುವ ಮಾತು ನಮಗೆಲ್ಲ ಗೊತ್ತಿತ್ತು, ಅದನ್ನೇ ಹೇಳಿದ.

“ಪಕ್ಕದಾಗ ನಾ ಕುಂದರ್ತೀನಲೇ,” ಎಂದ ಡ್ರೈವರ್ ಕಂಬಳಿಯೊಳಗಿಂದ. “ಹೇಳ್ತೀನಿ. ನೀ ಹೊಡಿ.”

ಲೈಸೆನ್ಸ್ ಇಲ್ಲದವನು ಜನ ತುಂಬಿದ ಬಸ್ಸು ಓಡಿಸುವುದು ಕಾನೂನಿನ ಪ್ರಕಾರ ತಪ್ಪು, ಜ್ವರದ ಪ್ರಕಾರ ಸರಿ. ಹೊರಟೆವು. ಕಿಂಡಿಯಲ್ಲಿ ಡ್ರೈವರನ ಕ್ಷೀಣ ದನಿ, ಅದರ ಹಿಂದೆಯೇ ಕ್ಲೀನರನ “ಹೂಂ ಉಸ್ತಾದ್ರ” ಕೇಳಿಸುತ್ತಿತ್ತು. ಹೊತ್ತು ಮುಳುಗುವಾಗ ಕುರುಗೋಡು ತಲುಪಿದೆವು.

ಒಲೆಗೆ ಇದ್ದಿಲು ಹಾಕಬೇಕಿತ್ತು. ಅದನ್ನೂ ಮಾಡುವವನು ಕ್ಲೀನರನೇ, ಇಳಿದು ಹಿಂದೆ ಹೋದ. ಆಗ ಡ್ರೈವರ್ ನನ್ನನ್ನು ಕರೆದ. ಜ್ವರದಲ್ಲೂ ಆತ ಪದ್ಧತಿ ಮರೆತಿರಲಿಲ್ಲ. “ಕುರುಗೋಡ ಬಂತು, ಸೀಟ್ ಬಿಡಬೇಕು,” ಎಂದ. ಈ ಸ್ಥಿತಿಯಲ್ಲಿ ಬೇಡ ಎಂದೆ. ಆತ ಕೇಳಲಿಲ್ಲ. ನಾನೂ ಇಬ್ಬರು ರೈತರೂ ಸೇರಿ ಕಂಬಳಿ ಸಮೇತ ಎತ್ತಿ, ಬಸ್ಸಿನೊಳಗಿನ ಉದ್ದ ಸೀಟಿನ ಮೇಲೆ ಮಲಗಿಸಿದೆವು. ಮಲಗಿದ ಕೂಡಲೇ ಆತನಿಗೆ ಮಂಪರು ಕವಿಯಿತು. ಕ್ಲೀನರನಿಗೆ ಹೇಳಬೇಕು ಎನ್ನುವಷ್ಟರಲ್ಲಿ ಅವನು ಬಂದು ಸ್ಟೇರಿಂಗ್ ಹಿಡಿದುಬಿಟ್ಟಿದ್ದ. ಕತ್ತು ನೆಟ್ಟಗೆ, ಕಣ್ಣು ದಾರಿಯ ಮೇಲೆ. ಹೇಳಿದರೆ ಕಾಲು ಮರಗಟ್ಟುತ್ತದೆ ಎಂದು ನಾನೂ ಬಾಯಿ ಮುಚ್ಚಿಕೊಂಡೆ.

ಬಸ್ಸು ಹೊರಟಿತು. ಗುಡ್ಡದ ಕೆಳಗೆ ಕ್ಲೀನರ್ ಹಾರ್ನ್ ಒತ್ತಿದ. ಗುಡ್ಡ ಮರಳಿ ಕೊಟ್ಟಿತು, ಒಂದಲ್ಲ, ಎರಡು ಸಲ. ಹಿಂದಿನ ಬಾಕಿಯೂ ಸೇರಿತ್ತೋ ಏನೋ.

ಮಸುಕು ಬೆಳಕಿನಲ್ಲಿ ಕಿಂಡಿಯ ಆಚೆ ಖಾಲಿ ಸೀಟು ಕಾಣುತ್ತಿತ್ತು. ಕ್ಲೀನರ್ ಮಾತ್ರ ನಡುನಡುವೆ “ಹೂಂ” ಎನ್ನುತ್ತಿದ್ದ, ಗೇರು ಬದಲಿಸುತ್ತಿದ್ದ, ಮತ್ತೆ “ಹೂಂ” ಎನ್ನುತ್ತಿದ್ದ. ಪಾಪ, ಅಭ್ಯಾಸ ಎಂದುಕೊಂಡೆ. ಹುಣಸೆಮರದ ಕೆಳಗೆ ಬಸ್ಸು ನಿಂತಿತು. ಆದರೆ ಈ ಸಲ ಇಂಜಿನ್ ಆರಲಿಲ್ಲ. ಬಾಗಿಲು ತೆರೆದ ಸದ್ದು, ಹಾಕಿದ ಸದ್ದು ಕೇಳಿತು. ಪದ್ಧತಿಯ ಪ್ರಕಾರ ಕ್ಲೀನರನೇ ತೆಗೆದು ಹಾಕಿದ ಎಂದುಕೊಂಡೆ. ಅಲ್ಲಿಂದ ಮುಂದೆ ಅವನ “ಹೂಂ” ನಿಂತಿತು. ಬಸ್ಸು ನಿಲ್ಲಲಿಲ್ಲ. ಕೊಳಗಲ್ಲು ದಾಟಿತು, ಎದುರಿಗೆ ಬಂದ ಬಂಡಿಗೆ ದಾರಿ ಬಿಟ್ಟಿತು, ಬಳ್ಳಾರಿಯ ಸಂದಣಿಯಲ್ಲಿ ನುಗ್ಗಿ ಆಸ್ಪತ್ರೆಯ ಮುಂದೆ ಮೆಲ್ಲಗೆ ನಿಂತಿತು.

ಕ್ಲೀನರ್ ಧುಮುಕಿ, ಸುತ್ತಿ ಬಂದು, ಉಸ್ತಾದನನ್ನು ಇಳಿಸಲು ಪಕ್ಕದ ಬಾಗಿಲು ತೆಗೆದ. ಸೀಟು ಖಾಲಿ. ಅಷ್ಟರಲ್ಲಿ ರೈತರು ಡ್ರೈವರನನ್ನು ಹಿಂದಿನ ಬಾಗಿಲಿನಿಂದ ಇಳಿಸುತ್ತಿದ್ದರು. ಗಾಳಿ ತಾಗಿ ಆತನಿಗೆ ಎಚ್ಚರವಾಗಿತ್ತು.

“ಉಸ್ತಾದ್ರ, ನೀವು ಹಿಂದ ಯಾವಾಗ ಹೋದ್ರಿ?” ಎಂದ ಕ್ಲೀನರ್.

“ಕುರುಗೋಡಿನಾಗ.”

ಕ್ಲೀನರ್ ಖಾಲಿ ಸೀಟಿನ ಕಡೆ ಮತ್ತೊಮ್ಮೆ ನೋಡಿದ. “ಹಂಗನಬ್ಯಾಡ್ರಿ. ಹುಣಸಿಮರದ ತನಕ ಹೇಳಿದ್ರಿ. ಅಲ್ಲಿ ನಿಂದ್ರಸು ಅಂದ್ರಿ, ನೀವಾ ಬಾಗಲಾ ತಗದು ಹಾಕಿದ್ರಿ. ಆಮ್ಯಾಲೆ ಮಾತಾಡ್ಲಿಲ್ಲ. ನಿದ್ದಿ ಹತ್ತಿರಬೇಕು, ಎಬ್ಬಿಸೋದು ಯಾಕ ಅಂತ ನಾನಾ ಹೊಡಕೊಂಡು ಬಂದೆ.”

ಒಬ್ಬ ರೈತ ತಾನು ಹಿಡಿದಿದ್ದ ಕಂಬಳಿಯ ತುದಿ ಬಿಟ್ಟುಬಿಟ್ಟ. ಕ್ಲೀನರನ ಮುಖದ ಮಸಿಯ ಮೇಲೆ ಬೆವರು ಗೆರೆ ಎಳೆಯುತ್ತಿತ್ತು. ಡ್ರೈವರ್ ಮಾತ್ರ ನಡುಗುತ್ತಲೇ ಯೋಚಿಸಿ ಹೇಳಿದ:

“ಇಷ್ಟು ವರ್ಷ ಪಕ್ಕದಾಗ ಕುಂತು ನೋಡ್ಯಾಳ. ಕಲ್ತಿರ್ತಾಳ.” ಆಮೇಲೆ ಸ್ಟ್ರೆಚರಿನ ಮೇಲೆ ಮಲಗಿ, “ಮರದಿಂದ ಈಚಿಗೆ ಮಾತ್ರ ನೀನಾ ಹೊಡದಿ ಬಿಡು,” ಎಂದ.

ಡ್ರೈವರನ ಜ್ವರ ಇಳಿಯಿತು. ದೀಪಾವಳಿಗೆ ಮೊದಲು ಬಳ್ಳಾರಿಯ ಬಯಲಿನಲ್ಲಿ ಕ್ಲೀನರನ ಪರೀಕ್ಷೆ ನಡೆಯಿತು. ಇನ್ಸ್‌ಪೆಕ್ಟರ್ ಸಾಹೇಬರು ಮುಂದಿನ ಬಾಗಿಲಿಗೆ ಕೈ ಹಾಕಿದರು.

“ತಾವು ಹಿಂದ ಕುಂದ್ರಿ ಸಾಹೇಬ್ರ,” ಎಂದ ಕ್ಲೀನರ್. “ಅಲ್ಲಿ ನಮ್ಮವರೊಬ್ರು ಕುಂದರ್ತಾರ್ರಿ.”

ಸಾಹೇಬರು ಖಾಲಿ ಸೀಟನ್ನು ನೋಡಿದರು, ನನ್ನನ್ನು ನೋಡಿದರು. ಹಿಂದೆ ಬಂದು ಕೂತರು. ಕ್ಲೀನರ್ ಒಂದು ಮಾತೂ ಆಡದೆ ಬಯಲನ್ನು ಸುತ್ತು ಹಾಕಿ ನಿಲ್ಲಿಸಿದ.

ಅದೇ ವಾರ ಲೈಸೆನ್ಸ್ ಬಂತು. ಆದೋನಿಯ ಡ್ರೈವರ್ ಬರಲಿಲ್ಲ.